ಆರೋಗ್ಯ ಚಿಂತನ: ಆರೈಕೆಯ ಕೈಗೂ ರಕ್ಷೆ ಬೇಕು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಅನೇಕ ಮನೆಗಳ ಮಕ್ಕಳು ಇಂದು ದವಾಖಾನೆಗಳಲ್ಲಿ ದುಡಿಯುತ್ತಿದ್ದಾರೆ. ರೋಗಿಯ ಸೇವೆ ಪವಿತ್ರವಾದ ಕಾಯಕ. ಆದರೆ ಆ ಕಾಯಕ ಮಾಡುವವರಿಗೆ ರೋಗದಿಂದ ರಕ್ಷಣೆಯಿದೆಯೇ ಎಂದು ನಾವು ವಿಚಾರಿಸಿದ್ದೇವೆಯೇ?

ಲಸಿಕೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿರುವ ‘ವ್ಯಾಕ್ಸಿನ್ ಡಿಪೋ’ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ಸಿದ್ಧವಾಗುತ್ತಿತ್ತು. 2021ರ ಜನವರಿ 16ರಂದು ಕೋವಿಡ್ ಲಸಿಕೆ ಆರಂಭವಾದಾಗ ಮೊದಲ ಸರದಿ ದವಾಖಾನೆಯ ಸಿಬ್ಬಂದಿಗೇ ಸಂದಿತು. ಆದರೆ ಅವರನ್ನು ಸದ್ದಿಲ್ಲದೆ ಕಾಡುವ ಇನ್ನೊಂದು ವೈರಿಯುಂಟು. ಅದು ಹೆಪಟೈಟಿಸ್ ‘ಬಿ’.

ಇದು ರಕ್ತದಿಂದ ಹರಡುವ ಯಕೃತ್ತಿನ ರೋಗ. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದ 100 ಜನರಲ್ಲಿ 6ರಿಂದ 30 ಜನರಿಗೆ ಸೋಂಕು ತಗಲಬಹುದು. ಒಣಗಿದ ರಕ್ತದಲ್ಲಿಯೂ ಈ ವೈರಾಣು 7 ದಿನ ಉಳಿಯಬಲ್ಲದು. ಆದುದರಿಂದ ದಾದಿಯರಿಗಷ್ಟೇ ಅಲ್ಲ, ಕಸ ಗುಡಿಸುವ, ಬಟ್ಟೆ ಒಗೆಯುವ ಆಯಾಗಳಿಗೂ ಅಪಾಯವಿದೆ. ರೋಗ ಹಲವು ವರ್ಷ ಲಕ್ಷಣ ತೋರದೆ ಉಳಿದು, ಕೊನೆಗೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾದೀತು.

ಇದಕ್ಕೆ 3 ಡೋಸಿನ ಲಸಿಕೆಯಿದೆ. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಈ ದೀರ್ಘ ಅಂತರದಲ್ಲಿ ಕೊನೆಯದು ಮರೆತುಹೋಗುವುದುಂಟು. ಮೂರೂ ಮುಗಿದ ಒಂದೆರಡು ತಿಂಗಳಲ್ಲಿ ರಕ್ತ ಪರೀಕ್ಷಿಸಿ, ರೋಗನಿರೋಧಕ ಶಕ್ತಿ ಬಂದಿದೆಯೇ ಎಂದು ತಿಳಿಯಬೇಕು. ಕೆಲವರಲ್ಲಿ ಅದು ಬರುವುದಿಲ್ಲ; ಅಂಥವರು ಮತ್ತೆ ಲಸಿಕೆ ಪಡೆಯಬೇಕಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಯ ಲಸಿಕೆಯೂ ಸೇರಿದೆ.

ಸೂಜಿ ಚುಚ್ಚಿದರೆ ಗಾಯವನ್ನು ಸಾಬೂನು, ನೀರಿನಿಂದ ತೊಳೆದು ಕೂಡಲೇ ಹಿರಿಯ ವೈದ್ಯರಿಗೆ ತಿಳಿಸಬೇಕು. ಲಸಿಕೆ ಪಡೆಯದವರಿಗೆ 24 ಗಂಟೆಯೊಳಗೆ ಚಿಕಿತ್ಸೆ ದೊರೆತರೆ ಬಹಳ ಒಳಿತು. ಮೇಲಧಿಕಾರಿ ಬೈದಾರು, ಮದುವೆಯ ಮಾತುಕತೆ ಮುರಿದೀತು ಎಂದು ಮುಚ್ಚಿಟ್ಟರೆ ಆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಹೇಳಿಕೊಳ್ಳುವ ಧೈರ್ಯವನ್ನು ಕೊಡಬೇಕಾದವರು ಮನೆಯವರೇ.

ಹಬ್ಬಕ್ಕೆ ಬಂದ ಮಗಳನ್ನು “ಊಟ ಸರಿಯಾಗಿ ಮಾಡ್ತಿಯೇನವ್ವಾ?” ಎಂದು ಕೇಳುವ ತಾಯಿ, “ಮೂರನೇ ಸೂಜಿ ಆತೇನವ್ವಾ?” ಎಂದೂ ಕೇಳಲಿ. ಪರರನ್ನು ಆರೈಕೆ ಮಾಡುವ ಜೀವವನ್ನು ಕಾಯುವುದೂ ನಮ್ಮ ಸೇವೆಯೇ ಅಲ್ಲವೇ?