ಎಲೆಯೊಳಗಿನ ಆರ್‌ಎನ್‌ಎ ಕಾಳಗ

2024ರ ವೈದ್ಯಕೀಯ ನೊಬೆಲ್ ಮೈಕ್ರೊಆರ್‌ಎನ್‌ಎ ಪತ್ತೆಗೆ ಸಂದಿತು. ಜೀನ್‌ನ ಸಂದೇಶ ತಡೆದು ಅದರ ಬಾಯಿ ಮುಚ್ಚಿಸುವ ಇಂಥ ಕಿರು ಆರ್‌ಎನ್‌ಎಗಳು ಬೆಳೆರೋಗದಲ್ಲೂ ಪಾತ್ರಧಾರಿಗಳು. ಬೂದು ಬೂಷ್ಟು ತರುವ ಬೊಟ್ರೈಟಿಸ್ ಶಿಲೀಂಧ್ರ ತನ್ನ ಕಿರು ಆರ್‌ಎನ್‌ಎಗಳನ್ನು ಟೊಮೆಟೊ ಕೋಶದೊಳಕ್ಕೆ ನುಗ್ಗಿಸಿ ಗಿಡದ ರಕ್ಷಣಾ ಜೀನ್‌ಗಳನ್ನು ಅಡಗಿಸುತ್ತದೆಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಗಿಡವೂ ಸುಮ್ಮನಿರದೆ ತನ್ನವನ್ನು ಶಿಲೀಂಧ್ರದೊಳಕ್ಕೆ ಕಳಿಸುತ್ತದೆ.

ಇದೇ ತತ್ವದ ಆರ್‌ಎನ್‌ಎ ಸಿಂಪಡಣೆ ಪ್ರಯೋಗಾಲಯದಲ್ಲಿ ಗೆದ್ದಿದೆ. ಬಯಲಲ್ಲಿ ಬಿಸಿಲು, ಮಳೆಗೆ ಬೇಗ ಹಾಳಾಗುತ್ತದೆ. ಮಲೆನಾಡಿನ ಅಡಿಕೆಯನ್ನು ಕಾಡುತ್ತಿರುವ ಎಲೆಚುಕ್ಕಿಯೂ ಶಿಲೀಂಧ್ರ ರೋಗವೇ. ಅಲ್ಲಿನ ಮಳೆಗೆ ನಿಲ್ಲುವ ಸಿಂಪಡಣೆಯನ್ನು ಹೊರಗಿನವರು ರೂಪಿಸಿಕೊಡುವರೆಂದು ಕಾಯುವುದು ನನಗೆ ಸರಿಕಾಣದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಈ ಸಂಶೋಧನೆಗೆ ಹಣ, ಹುದ್ದೆ ಎರಡನ್ನೂ ಮೀಸಲಿಡಲಿ. ಬೆಳೆಗಾರರಿಗೆ ಮದ್ದು ಸಿಕ್ಕೀತು, ಜೈವಿಕ ತಂತ್ರಜ್ಞಾನ ಓದಿದ ನಮ್ಮಂಥವರಿಗೆ ಊರಿನ ಹತ್ತಿರವೇ ಕೆಲಸ.