ಹೆಬ್ಬೆರಳಿನ ಮೂಲೆಯ ಮುಳ್ಳು

ಒಂಬತ್ತನೇ ತರಗತಿಯ ಹುಡುಗ. ಹೋದ ವರ್ಷದ ಬೂಟು ಇನ್ನೂ ಹರಿದಿಲ್ಲವೆಂದು ಈ ವರ್ಷವೂ ಅದನ್ನೇ ಹಾಕಿಕೊಳ್ಳುತ್ತಿದ್ದಾನೆ. ಶಾಲೆ ತೆರೆದು ತಿಂಗಳಾಗುವಷ್ಟರಲ್ಲಿ ಬಲಗಾಲಿನ ಹೆಬ್ಬೆರಳಿನ ಮೂಲೆ ನೋಯತೊಡಗಿತು. ಬ್ಲೇಡು ತೆಗೆದುಕೊಂಡು ಆ ಮೂಲೆಯ ಉಗುರನ್ನು ಕೈಗೆ ಸಿಕ್ಕಷ್ಟು ಆಳಕ್ಕೆ ಕತ್ತರಿಸಿ ತೆಗೆದ. ನೋವು ಮಾಯವಾಯಿತು. ಎರಡು ಮೂರು ವಾರ ಕಳೆದ ಮೇಲೆ ಅದೇ ಜಾಗದಲ್ಲಿ ಮೊದಲಿಗಿಂತ ಜೋರಾಗಿ ನೋವು ಬಂತು. ಮತ್ತೆ ಬ್ಲೇಡು. ಆಸ್ಪತ್ರೆಗೆ ಹೋದರೆ ಉಗುರನ್ನೇ ಕೀಳುತ್ತಾರೆಂಬ ಹೆದರಿಕೆಯಿಂದ ಮನೆಯಲ್ಲಿ ಬಾಯಿಬಿಡಲಿಲ್ಲ. ಒಂದು ದಿನ ಅವನ ಕಾಲುಚೀಲ ಒಗೆಯುವಾಗ ತುದಿಯಲ್ಲಿ ಒಣಗಿ ಅಂಟಿಕೊಂಡ ಕೀವು, ರಕ್ತ ನೋಡಿ ತಾಯಿ ಗಾಬರಿಯಾದರು. ಅಷ್ಟರಲ್ಲಿ ಅವನು ಖೋ ಖೋ ತಂಡದಿಂದ ತಾನಾಗಿಯೇ ಹೊರಗುಳಿದಿದ್ದ.

ಇಂಥ ಹುಡುಗ ಹುಡುಗಿಯರು ಎಲ್ಲ ಊರುಗಳಲ್ಲೂ ಇದ್ದಾರೆ. ಉಗುರು ಪಕ್ಕದ ಮಾಂಸದೊಳಗೆ ಇಳಿಯುವ ಈ ತೊಂದರೆ ಹದಿಹರೆಯದವರಲ್ಲಿ ಬಹಳ ಸಾಮಾನ್ಯ. ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿಗೇ ಬರುತ್ತದೆ. ಆರಂಭದಲ್ಲಿ ಗಮನಿಸಿದರೆ ಮನೆಯಲ್ಲೇ ಗುಣವಾಗುತ್ತದೆ. ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕಾಡುತ್ತದೆ.

ಹೀಗೇಕೆ ಆಗುತ್ತದೆ?

ಉಗುರು ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಬುಡದ ಚರ್ಮದಡಿಯಲ್ಲಿ ಹುಟ್ಟಿ, ಎರಡು ಬದಿಯ ಚರ್ಮದ ಅಂಚುಗಳ ನಡುವೆ ನಿಧಾನವಾಗಿ ಮುಂದಕ್ಕೆ ಸರಿಯುತ್ತದೆ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರು. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬರಲು 12ರಿಂದ 18 ತಿಂಗಳು ಬೇಕು.

ಉಗುರಿನ ಮೂಲೆಯನ್ನು ಆಳವಾಗಿ ಕತ್ತರಿಸಿದಾಗ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ನಡೆಯುವಾಗ ಮೈಭಾರಕ್ಕೆ ಬೆರಳಿನ ಮೆತ್ತನೆಯ ಮಾಂಸ ಮೇಲೆದ್ದು ಆ ಜಾಗವನ್ನು ತುಂಬಿಕೊಳ್ಳುತ್ತದೆ. ಉಗುರು ಮತ್ತೆ ಮುಂದೆ ಬಂದಾಗ ಅದಕ್ಕೆ ದಾರಿ ಇರುವುದಿಲ್ಲ, ಮಾಂಸವನ್ನೇ ಚುಚ್ಚುತ್ತದೆ. ಎಷ್ಟೋ ಸಲ ಕತ್ತರಿ ತಲುಪದ ಕಡೆ ಉಗುರಿನ ಚೂಪಾದ ಸಿಬಿರೊಂದು ಉಳಿದಿರುತ್ತದೆ. ಅದು ಹೊರಗಿನಿಂದ ಕಾಣುವುದಿಲ್ಲ. ಒಳಗೆ ಮುರಿದ ಮುಳ್ಳಿನಂತೆ ಕೂತಿರುತ್ತದೆ. ಹುಡುಗನಿಗೆ ನಾಲ್ಕು ದಿನ ಸುಖ ಕೊಟ್ಟ ಬ್ಲೇಡೇ ಮುಂದಿನ ನೋವನ್ನೂ ತಂದದ್ದು ಹೀಗೆ.

ಬೆರಳನ್ನು ಒತ್ತುವ ಬೂಟು, ಬಿಗಿಯಾದ ಕಾಲುಚೀಲ, ಉಗುರನ್ನು ಕೈಯಿಂದ ಕಿತ್ತುವ ಅಭ್ಯಾಸ, ಎಡವಿ ಬಿದ್ದ ಪೆಟ್ಟು ಇವೂ ಕಾರಣಗಳೇ. ಹರೆಯದಲ್ಲಿ ಪಾದ ಹೆಚ್ಚು ಬೆವರುತ್ತದೆ. ನೆನೆದ ಚರ್ಮವನ್ನು ಉಗುರು ಸುಲಭವಾಗಿ ಸೀಳುತ್ತದೆ. ಕೆಲವರಿಗೆ ಉಗುರಿನ ಆಕಾರವೇ ಬಾಗಿರುತ್ತದೆ.

ಮೊದಮೊದಲು ಮೂಲೆ ಕೆಂಪಾಗಿ, ಊದಿಕೊಂಡು, ಮುಟ್ಟಿದರೆ ನೋಯುತ್ತದೆ. ನಂತರ ಕೀವು, ದುರ್ವಾಸನೆ ಕಾಣಿಸಿಕೊಳ್ಳುತ್ತವೆ. ಹಾಗೇ ಬಿಟ್ಟರೆ ಉಗುರಿನ ಪಕ್ಕದಲ್ಲಿ ಕೆಂಪನೆಯ ಮೆತ್ತಗಿನ ಮಾಂಸ ಬೆಳೆದು, ಸ್ವಲ್ಪ ತಾಗಿದರೂ ರಕ್ತ ಬರುತ್ತದೆ.

ಇದು ಬರಿಯ ಉಗುರುಸುತ್ತಲ್ಲ

ಹಳ್ಳಿಗಳಲ್ಲಿ ಉಗುರಿನ ಪಕ್ಕ ಬಾತರೆ ಎಲ್ಲವನ್ನೂ ಉಗುರುಸುತ್ತು ಎಂದೇ ಕರೆದು, ಬೆರಳಿಗೆ ನಿಂಬೆಹಣ್ಣಿನ ಟೋಪಿ ಹಾಕುವ ರೂಢಿಯಿದೆ. ಬೆಲ್ಲ ಸುಣ್ಣ ಕಲಸಿ ಹಚ್ಚುವವರೂ ಇದ್ದಾರೆ. ಇಲ್ಲಿ ಅದು ಪ್ರಯೋಜನಕ್ಕೆ ಬಾರದು. ಬಾವಿಗೆ ಮೂಲ ಒಳಗೆ ಚುಚ್ಚುತ್ತಿರುವ ಉಗುರು. ನಿಂಬೆ ಗಾಯವನ್ನು ಉರಿಸುತ್ತದೆ, ಸುಣ್ಣ ಚರ್ಮವನ್ನು ಸುಡುತ್ತದೆ, ಉಗುರು ಇದ್ದಲ್ಲೇ ಇರುತ್ತದೆ. ಅಂಗಡಿಯಿಂದ ತಂದು ನುಂಗುವ ಆಂಟಿಬಯೋಟಿಕ್ ಮಾತ್ರೆಯದೂ ಅದೇ ಕಥೆ. ಮುಳ್ಳು ಒಳಗಿರುವ ತನಕ ಗಾಯ ಮಾಯುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಬರೀ ಕೆಂಪು ಮತ್ತು ನೋವು ಇದ್ದು, ಕೀವು ಇಲ್ಲದಿದ್ದಾಗ ಮನೆಯ ಆರೈಕೆ ಸಾಕಾಗುತ್ತದೆ. ದಿನಕ್ಕೆ ಮೂರು ಸಲ, ಸುಮಾರು ಕಾಲು ಗಂಟೆ, ಉಗುರುಬೆಚ್ಚಗಿನ ನೀರಿನಲ್ಲಿ ಪಾದ ನೆನೆಸಬೇಕು. ಬೇಕಿದ್ದರೆ ಸ್ವಲ್ಪ ಉಪ್ಪು ಹಾಕಬಹುದು. ಆಮೇಲೆ ಬೆರಳ ಸಂದಿಗಳಲ್ಲೂ ನೀರು ಉಳಿಯದಂತೆ ಒರೆಸಿ, ಊದಿದ ಚರ್ಮವನ್ನು ಉಗುರಿನಿಂದ ದೂರಕ್ಕೆ ಮೆಲ್ಲಗೆ ಒತ್ತಬೇಕು. ಶುದ್ಧವಾದ ಹತ್ತಿಯ ಸಣ್ಣ ಎಳೆಯನ್ನು ಬತ್ತಿಯಂತೆ ಹೊಸೆದು, ಒದ್ದೆ ಮಾಡಿ, ಉಗುರಿನ ಮೂಲೆಯ ಕೆಳಗೆ ಮೆಲ್ಲಗೆ ಸೇರಿಸಿದರೆ ಉಗುರು ಚರ್ಮದ ಮೇಲೆ ಬೆಳೆಯಲು ದಾರಿಯಾಗುತ್ತದೆ. ಹತ್ತಿಯನ್ನು ದಿನವೂ ಬದಲಿಸಬೇಕು. ಮೂಲೆ ಚರ್ಮವನ್ನು ದಾಟಿ ಬರಲು ಕೆಲವು ವಾರಗಳೇ ಬೇಕಾದಾವು, ತಾಳ್ಮೆ ಬೇಕು.

ಈ ದಿನಗಳಲ್ಲಿ ಬೂಟಿನ ಬದಲು ತೆರೆದ ಚಪ್ಪಲಿ ಹಾಕುವುದು ಒಳ್ಳೆಯದು. ಸಮವಸ್ತ್ರದ ನಿಯಮ ಅಡ್ಡ ಬಂದರೆ ತಂದೆ ತಾಯಿ ತರಗತಿ ಶಿಕ್ಷಕರಿಗೆ ಒಂದು ಚೀಟಿ ಬರೆದು ಕೊಟ್ಟರಾಯಿತು.

ವೈದ್ಯರ ಬಳಿ ಯಾವಾಗ?

ಒಂದು ವಾರದ ಆರೈಕೆಯಿಂದ ಸುಧಾರಿಸದಿದ್ದರೆ, ಕೀವು ಬಂದರೆ, ಮೆತ್ತನೆಯ ಮಾಂಸ ಬೆಳೆದರೆ, ಕೆಂಪು ಪಾದದ ಕಡೆಗೆ ಹರಡಿದರೆ ಅಥವಾ ಜ್ವರ ಬಂದರೆ ತಡಮಾಡಬಾರದು. ಸಕ್ಕರೆ ಕಾಯಿಲೆ ಇರುವ ಮಕ್ಕಳಾಗಲಿ, ಮನೆಯ ಹಿರಿಯರಾಗಲಿ, ಮನೆಮದ್ದಿಗೆ ಕೈಹಾಕದೆ ಮೊದಲ ದಿನವೇ ವೈದ್ಯರಿಗೆ ತೋರಿಸಬೇಕು. ಅವರಿಗೆ ಸಣ್ಣ ಗಾಯವೂ ದೊಡ್ಡದಾಗಬಲ್ಲದು. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಕೊಡುವ ಟಿ.ಡಿ. ಲಸಿಕೆ ಆಗಿದೆಯೇ ಎಂಬುದನ್ನೂ ಇದೇ ಸಂದರ್ಭದಲ್ಲಿ ನೋಡಿಕೊಳ್ಳಬಹುದು.

ಉಗುರು ಪೂರ್ತಿ ಕೀಳುತ್ತಾರೆಂಬ ಭಯ ಬೇಡ. ಹಿಂದೆ ಹಾಗೆ ಮಾಡುವುದು ರೂಢಿಯಲ್ಲಿತ್ತು. ಆದರೆ ಪೂರ್ತಿ ಕಿತ್ತರೂ ಹೊಸ ಉಗುರು ಮತ್ತೆ ಮಾಂಸದೊಳಗೆ ಇಳಿಯುವುದು ಹೆಚ್ಚೆಂದು ತಿಳಿದ ಮೇಲೆ ಅದು ಮೊದಲ ಆಯ್ಕೆಯಾಗಿ ಉಳಿದಿಲ್ಲ. ಈಗ ಬೆರಳಿನ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಳಗಿಳಿದ ಬದಿಯ ಒಂದು ಸಣ್ಣ ಪಟ್ಟಿಯನ್ನು ಮಾತ್ರ ತೆಗೆಯುತ್ತಾರೆ. ಆ ಅಂಚು ಮತ್ತೆ ಬೆಳೆಯದಂತೆ ಅದರ ಬುಡಕ್ಕೆ ಫೀನಾಲ್ ಎಂಬ ರಾಸಾಯನಿಕವನ್ನು ಹಚ್ಚುವುದುಂಟು. ಇದರಿಂದ ತೊಂದರೆ ಮರುಕಳಿಸುವುದು ಬಹಳ ಕಡಿಮೆ. ನೋವಾಗುವುದು ಇಂಜೆಕ್ಷನ್ ಕೊಡುವ ಹೊತ್ತಿನಲ್ಲಿ. ಅದೇ ದಿನ ನಡೆದುಕೊಂಡು ಮನೆಗೆ ಬರಬಹುದು. ಕೆಲವು ವಾರ ಗಾಯದಿಂದ ತೆಳುವಾದ ನೀರು ಒಸರುತ್ತದೆ, ಬ್ಯಾಂಡೇಜು ಬದಲಿಸುತ್ತಿರಬೇಕು. ಉಗುರಿನ ಅಗಲ ತುಸು ಕಡಿಮೆಯಾಗುತ್ತದೆ, ಅಷ್ಟೇ.

ಪರೀಕ್ಷೆ ಮುಗಿಯಲಿ ಎಂದು ಮುಂದೂಡುವುದೂ ಸರಿಯಲ್ಲ. ನೋಯುವ ಕಾಲಿಟ್ಟುಕೊಂಡು ಮೂರು ಗಂಟೆ ಬೆಂಚಿನ ಮೇಲೆ ಕೂರುವುದಕ್ಕಿಂತ, ಒಂದು ತಿಂಗಳು ಮೊದಲೇ ಗುಣಪಡಿಸಿಕೊಳ್ಳುವುದು ಜಾಣತನ.

ಬಾರದಂತೆ ತಡೆಯಲು

* ಕಾಲಿನ ಉಗುರನ್ನು ನೇರವಾಗಿ ಕತ್ತರಿಸಬೇಕು. ಕೈಯುಗುರಿನಂತೆ ದುಂಡಗೆ ಮಾಡಬಾರದು.
* ಬೆರಳಿನ ತುದಿಯ ಮಟ್ಟಕ್ಕಿಂತ ಒಳಗೆ ಕತ್ತರಿಸಬಾರದು. ಮೂಲೆಗಳು ಚರ್ಮದಿಂದ ಹೊರಗೆ ಕಾಣುತ್ತಿರಬೇಕು.
* ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಕತ್ತರಿಸುವುದು ಸುಲಭ. ಬ್ಲೇಡು, ಪಿನ್ನು, ಹಲ್ಲುಕಡ್ಡಿ ಮೂಲೆಗೆ ಹಾಕಬಾರದು.
* ಉಗುರಿನ ನಡುವೆ ಕಚ್ಚು ಮಾಡಿದರೆ ಅಂಚುಗಳು ನಡುವಿಗೆ ಸರಿಯುತ್ತವೆ ಎಂಬ ನಂಬಿಕೆ ತಪ್ಪು. ಬೆಳವಣಿಗೆ ಬುಡದಲ್ಲಿರುವುದರಿಂದ ತುದಿಯ ಕಚ್ಚಿಗೂ ಅದಕ್ಕೂ ಸಂಬಂಧವಿಲ್ಲ.
* ಕಾಲುಚೀಲವನ್ನು ದಿನವೂ ಬದಲಿಸಬೇಕು. ಮಳೆಯಲ್ಲಿ ನೆನೆದ ಬೂಟನ್ನು ಒಣಗಿಸದೆ ಹಾಕಬಾರದು.

ಬೂಟಿನ ಅಳತೆ ನೋಡಲು ಒಂದು ಸುಲಭ ಉಪಾಯವಿದೆ. ಸಂಜೆಯ ಹೊತ್ತು, ಪಾದ ತುಸು ಹಿಗ್ಗಿರುವಾಗ, ಮಗುವನ್ನು ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಆ ಚಿತ್ರದ ಮೇಲೆ ಬೂಟನ್ನು ಇಟ್ಟಾಗ ಗೆರೆ ಹೊರಗೆ ಕಂಡರೆ ಆ ಬೂಟು ಎಷ್ಟೇ ಗಟ್ಟಿಯಾಗಿದ್ದರೂ ಮಗುವಿಗೆ ಚಿಕ್ಕದು. ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು.

ಹರೆಯದ ಮಕ್ಕಳು ಕಾಲು ತೋರಿಸುವುದಿಲ್ಲ. ತಂದೆ ತಾಯಿಯೂ ಕೇಳುವುದಿಲ್ಲ. ಮಗ ಬೂಟು ಹಾಕುವಾಗ ಮುಖ ಕಿವುಚಿದರೆ, ಮಗಳು ಆಟದ ಪೀರಿಯಡ್ಡಿನಲ್ಲಿ ಬದಿಗೆ ಕೂರತೊಡಗಿದರೆ ಬೈಯುವ ಮೊದಲು ಒಮ್ಮೆ ಕಾಲುಚೀಲ ಬಿಚ್ಚಿಸಿ ನೋಡಬೇಕು. ಮೊದಲ ವಾರದಲ್ಲಿ ಕಂಡರೆ ಒಂದು ಬಕೆಟ್ ಬೆಚ್ಚನೆಯ ನೀರು, ಒಂದು ಎಳೆ ಹತ್ತಿ ಸಾಕಾಗುವ ತೊಂದರೆ ಇದು.