ನಿಮ್ಮ ಡೊಮೈನ್ ಯಾವುದು, ಸ್ವಾಮಿ?

ನಮ್ಮ ಐಟಿ ಜನಕ್ಕೆ ಒಂದು ರೋಗ ಇದೆ. ಯಾರೇ ಪರಿಚಯವಾದರೂ ಎರಡನೇ ಪ್ರಶ್ನೆ 'ನಿಮ್ಮ ಡೊಮೈನ್ ಯಾವುದು?' ಬ್ಯಾಂಕಿಂಗ್ ಅಂದವನು ರಿಟೈರ್ ಆಗೋ ತನಕ ಬ್ಯಾಂಕಿಂಗ್. ಈ ರೋಗ ಈಗ ವಿಜ್ಞಾನಕ್ಕೂ ಅಂಟಿದೆ. ಯಲಹಂಕದಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಸಮುದ್ರದ ಪ್ಲಾಸ್ಟಿಕ್ ಬಗ್ಗೆ ಪ್ರಾಜೆಕ್ಟ್ ಮಾಡಿದವಳು, ಕ್ಯಾನ್ಸರ್ ಲ್ಯಾಬ್ ಒಂದಕ್ಕೆ ಅರ್ಜಿ ಹಾಕಿದಳು. 'ಮೊದಲು ಒಂದು ಕಡೆ ನಿಲ್ಲಮ್ಮ' ಅಂದು ಕಳಿಸಿದರಂತೆ.

ಮೇಖ್ರಿ ಸರ್ಕಲ್ ಟ್ರಾಫಿಕ್ಕಿನಲ್ಲಿ ಕ್ಯಾಬಲ್ಲಿ ಕೂತು ಶಾಪ ಹಾಕ್ತೀರಲ್ಲ, ಅಲ್ಲೇ ಹತ್ತಿರ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಇದೆ. ಆ ಮನುಷ್ಯನ ಡೊಮೈನ್ ಯಾವುದು ಹೇಳಿ ನೋಡೋಣ? ಪಿಟೀಲು, ಮೃದಂಗದ ನಾದದ ಮೇಲೆ ಕೆಲಸ ಮಾಡಿದ್ದರು. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ಬರುವಾಗ ಹಡಗಿನಿಂದ ಸಮುದ್ರ ನೋಡಿದರು. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಅಂತ ಲಾರ್ಡ್ ರ‍್ಯಾಲೆ ಹೇಳಿಯಾಗಿತ್ತು. ರಾಮನ್ ನಿಕೋಲ್ ಪ್ರಿಸಂ ಹಿಡಿದು, ನೀರಿನ ಮೇಲಿಂದ ಪ್ರತಿಫಲಿಸೋ ಬೆಳಕನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯ್ತು. (ನೀರು ಕೆಂಪನ್ನು ನುಂಗೋದಕ್ಕೂ ಈ ನೀಲಿಯಲ್ಲಿ ದೊಡ್ಡ ಪಾಲಿದೆ, ಅದು ಬೇರೆ ಮಾತು.) ಅದೇ ಗುಂಗಿನಲ್ಲಿ ಕಲ್ಕತ್ತಾದಲ್ಲಿ ದ್ರವಗಳಿಗೆ ಬೆಳಕು ಬಿಡ್ತಾ ಕೂತರು. ಕೆ.ಎಸ್. ಕೃಷ್ಣನ್ ಜೊತೆಗಿದ್ದರು. 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮ ಸಿಕ್ಕಿತು, 1930ರಲ್ಲಿ ನೊಬೆಲ್.

ಅಣುವಿಗೆ ತಾಗಿ ಚದುರೋ ಬೆಳಕಿನಲ್ಲಿ ಹೆಚ್ಚೂಕಮ್ಮಿ ಕೋಟಿಗೊಂದು ಫೋಟಾನ್ ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತೆ. ಎಷ್ಟು ಬದಲಾಯ್ತು ಅನ್ನೋದೇ ಆ ಅಣುವಿನ ಬೆರಳಚ್ಚು. ಬಂಗುಡೆ ಹೊಟ್ಟೆಯಲ್ಲಿ ಸಿಕ್ಕ ಪುಡಿಚೂರು ಪಾಲಿಥೀನೋ, ಬಲೆಯ ನೈಲಾನೋ ಅಂತ ಹೇಳೋದು ಈ ಬೆರಳಚ್ಚಿನಿಂದಲೇ. ಗುಟ್ಕಾ ತಿಂದವನ ಕೆನ್ನೆಯೊಳಗಿನ ಅಂಗಾಂಶದಲ್ಲಿ ಪ್ರೋಟೀನು, ಕೊಬ್ಬಿನ ಲೆಕ್ಕ ತಪ್ಪಿದೆಯಾ ಅಂತ ಹುಡುಕೋದೂ ಇದರಿಂದಲೇ. ನೀರಿನ ರಾಮನ್ ಸಂಕೇತ ದುರ್ಬಲ. ಹಾಗಾಗಿ ಒದ್ದೆ ಅಂಗಾಂಶವನ್ನು ಒಣಗಿಸದೆ, ಬಣ್ಣ ಹಾಕದೆ ನೋಡಬಹುದು. ಮಣಿಪಾಲದಲ್ಲಿ ಬಾಯಿ ಕ್ಯಾನ್ಸರ್ ಮೇಲೆ ಈ ಥರದ ಕೆಲಸ ವರ್ಷಗಳಿಂದ ನಡೆದಿದೆ. ಮಲ್ಪೆ ಬಂದರು ಅಲ್ಲಿಂದ ಏನು ಮಹಾ ದೂರ? ಆಸ್ಪತ್ರೆಗಳಲ್ಲಿ ದಿನನಿತ್ಯದ ಪರೀಕ್ಷೆಯಾಗೋಕೆ ಇನ್ನೂ ದಾರಿ ಇದೆ, ಆ ದಾರಿ ಸವೆಸೋರು ಬೇಕಲ್ಲ! ಆ ಹುಡುಗಿಯಂಥವರನ್ನೇ ಬಾಗಿಲಿಂದ ವಾಪಸ್ ಕಳಿಸಿದರೆ ಇನ್ಯಾರು ಬರ್ತಾರೆ?

ಮೀನು ಬೇರೆ, ಬಾಯಿ ಬೇರೆ, ನಿಜ. ಆದರೆ ಕೇಳೋ ಪ್ರಶ್ನೆ ಒಂದೇ: ಇಲ್ಲಿರೋದು ಯಾವ ಅಣು? ನಮ್ಮೂರಲ್ಲಿ ಪಂಪ್‌ಸೆಟ್ ರಿಪೇರಿ ಮಾಡೋನೇ ಮದುವೆ ಮನೆಗೆ ಸೀರಿಯಲ್ ಸೆಟ್ ಕಟ್ತಾನೆ, ಜಾತ್ರೆಗೆ ಮೈಕ್ ಹಾಕ್ತಾನೆ. ಅವನಿಗೆ ಫೋಕಸ್ ಇಲ್ಲ ಅಂತ ಯಾರೂ ಅಂದಿಲ್ಲ. ಅವನಿಗೆ ಕರೆಂಟು ಗೊತ್ತು.

ಪ್ರತಿ ಫೆಬ್ರವರಿ 28ಕ್ಕೆ ರಾಮನ್ ಅವರ ಪೇಟದ ಫೋಟೋ ಹಾಕಿ ವಿಜ್ಞಾನ ದಿನದ ಶುಭಾಶಯ ಕೋರೋ ಎಚ್‌ಆರ್ ಮಂದಿಗೆ ಒಂದು ಪ್ರಶ್ನೆ. ಪಿಟೀಲು, ಸಮುದ್ರ, ಮೃದಂಗ, ವಜ್ರ ಅಂತೆಲ್ಲ ಇರೋ ಆ ರೆಸ್ಯೂಮೆ ನಿಮ್ಮ ಫಿಲ್ಟರ್ ದಾಟುತ್ತಾ? ಸಾಫ್ಟ್‌ವೇರಿನವನಾಗಿ ನಾನೇ ಹೇಳ್ತೀನಿ, ದಾಟಲ್ಲ. ಅದು ಕೀವರ್ಡ್ ಎಣಿಸುತ್ತೆ, ಅಷ್ಟೇ.